ಲೆಗೊ: ಹೊಸ ಪೆಟ್ಟಿಗೆಯೋ, ಹಳೆಯ ರಾಶಿಯೋ? ನಿಮಗಿದು ಗೊತ್ತೇ?

ಮಗುವಿನ ಹುಟ್ಟುಹಬ್ಬ ಹತ್ತಿರ ಬಂತೆಂದರೆ ಎಷ್ಟೋ ಮನೆಗಳಲ್ಲಿ ಈ ಮಾತು ಬರುತ್ತದೆ: ಲೆಗೊ ಹೊಸದನ್ನೇ ಕೊಡಿಸೋಣವೇ, ಯಾರಾದರೂ ಆಡಿ ಬಿಟ್ಟದ್ದು ಕಡಿಮೆ ದುಡ್ಡಿಗೆ ಸಿಕ್ಕರೆ ತರೋಣವೇ? ಬೇರೆ ಪ್ಲಾಸ್ಟಿಕ್ ಆಟಿಕೆಗಳಾದರೆ ಇದು ಪ್ರಶ್ನೆಯೇ ಅಲ್ಲ. ಎರಡು ವರ್ಷ ಆಡುವಷ್ಟರಲ್ಲಿ ಚಕ್ರ ಕಳಚಿರುತ್ತದೆ, ಬಣ್ಣ ಹೋಗಿರುತ್ತದೆ, ಕೊಡಲೂ ಏನೂ ಉಳಿದಿರುವುದಿಲ್ಲ. ಈ ಪುಟ್ಟ ಇಟ್ಟಿಗೆ ಹಾಗಲ್ಲ. ಅಪ್ಪ ಆಡಿದ್ದನ್ನು ಮಗಳು ಆಡಬಹುದು, ಅವಳು ಬಿಟ್ಟದ್ದನ್ನು ಪಕ್ಕದ ಮನೆಯ ಹುಡುಗ ಆಡಬಹುದು. ಹಾಗೆಂದು ಹಳೆಯದೆಲ್ಲ ಚಿನ್ನವೂ ಅಲ್ಲ. ಯಾವುದನ್ನು ಹಳೆಯದು ತರಬಹುದು, ಯಾವುದನ್ನು ಹೊಸದೇ ತರಬೇಕು ಎಂದು ತೀರ್ಮಾನಿಸಲು ನೆರವಾಗುವ ಸಂಗತಿಗಳು ಇಲ್ಲಿವೆ.

ಹುಟ್ಟಿ ಬೆಳೆದ ಬಗೆ

● ಲೆಗೊ ಶುರುವಾದದ್ದು ಪ್ಲಾಸ್ಟಿಕ್ಕಿನಿಂದಲ್ಲ, ಮರದಿಂದ. ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕಟ್ಟಡದ ಕೆಲಸಗಳು ಕಡಿಮೆಯಾದಾಗ, 1932ರಲ್ಲಿ ಮರದ ಆಟಿಕೆ ಮಾಡಲು ಕೂತರು. 1960ರಲ್ಲಿ ಮರದ ಆಟಿಕೆಗಳ ದಾಸ್ತಾನು ಬೆಂಕಿಗೆ ಆಹುತಿಯಾದ ಮೇಲೆ ಕಂಪನಿ ಮರದ ಕೆಲಸವನ್ನೇ ಕೈಬಿಟ್ಟಿತು.

● ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆ ಮೊದಲು ಹೊಳೆದದ್ದು ಲೆಗೊದವರಿಗಲ್ಲ. ಬ್ರಿಟನ್ನಿನ ಹಿಲರಿ ಫಿಶರ್ ಪೇಜ್ ‘ಕಿಡ್ಡಿಕ್ರಾಫ್ಟ್’ ಹೆಸರಿನಲ್ಲಿ ಅಂಥದ್ದನ್ನು ಮಾರುತ್ತಿದ್ದರು. ಅದನ್ನು ನೋಡಿ, ತುಸು ತಿದ್ದಿ, ಲೆಗೊ ತನ್ನ ಮೊದಲ ಇಟ್ಟಿಗೆಗಳನ್ನು 1949ರಲ್ಲಿ ಮಾರುಕಟ್ಟೆಗೆ ತಂದಿತು.

● ಆ ಮೊದಲ ಇಟ್ಟಿಗೆಗಳು ಒಳಗೆ ಟೊಳ್ಳು. ಒಂದರ ಮೇಲೊಂದು ಕೂರುತ್ತಿದ್ದವು, ಆದರೆ ಗಟ್ಟಿಯಾಗಿ ಹಿಡಿಯುತ್ತಿರಲಿಲ್ಲ. ಒಳಗೆ ಕೊಳವೆಗಳನ್ನು ಕೂರಿಸಿದ ಈಗಿನ ವಿನ್ಯಾಸಕ್ಕೆ ಓಲೆಯವರ ಮಗ ಗಾಟ್‌ಫ್ರೆಡ್ ಕಿರ್ಕ್ ಕ್ರಿಸ್ಟಿಯಾನ್ಸೆನ್ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು.

● 1958ರಲ್ಲಿ ಬಂದ ಇಟ್ಟಿಗೆಗೂ ಈ ವಾರ ಅಂಗಡಿಗೆ ಬಂದ ಇಟ್ಟಿಗೆಗೂ ಅಳತೆಯಲ್ಲಿ ವ್ಯತ್ಯಾಸವಿಲ್ಲ. ಎರಡೂ ಒಂದಕ್ಕೊಂದು ಕೂರುತ್ತವೆ. ಸೆಕೆಂಡ್ ಹ್ಯಾಂಡ್ ಲೆಗೊಗೆ ಬೆಲೆ ಬಂದಿರುವುದು ಈ ಒಂದು ಕಾರಣಕ್ಕೇ. ಹಳೆಯ ರಾಶಿ ತಂದು ಹೊಸ ಪೆಟ್ಟಿಗೆಯ ಜೊತೆ ಸುರಿದರೆ ಎರಡೂ ಸೇರಿ ಒಂದೇ ಆಟ.

● 1963ಕ್ಕೆ ಮೊದಲಿನ ಇಟ್ಟಿಗೆಗಳು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನವು. ಕಾಲ ಕಳೆದಂತೆ ಅವು ಸೊಟ್ಟಗಾಗುತ್ತವೆ, ಬಣ್ಣಗೆಡುತ್ತವೆ. 1963ರಿಂದ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಂತು. ಅದಕ್ಕೂ ಹಿಂದಿನದು ಕೈಗೆ ಸಿಕ್ಕರೆ ಅದು ಸಂಗ್ರಾಹಕರ ಕಪಾಟಿಗೆ ಸರಿ, ಮಕ್ಕಳ ಆಟಕ್ಕಲ್ಲ.

ಹಿಡಿತದ ಗುಟ್ಟು

● ಒಂದು ಸಾಮಾನ್ಯ ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು ನೋಡಿ. ಮೇಲೆ ಎರಡು ಸಾಲಿನಲ್ಲಿ ಎಂಟು ಉಬ್ಬುಗಳು, ಪ್ರತಿಯೊಂದರ ನೆತ್ತಿಯ ಮೇಲೆ ಕಂಪನಿಯ ಹೆಸರು. ತಿರುಗಿಸಿದರೆ ಹೊಟ್ಟೆಯೊಳಗೆ ಮೂರು ಕೊಳವೆಗಳು. ಇನ್ನೊಂದರ ಮೇಲೆ ಒತ್ತಿದಾಗ ಕೆಳಗಿನದರ ಮೂಲೆಯ ಉಬ್ಬು, ಮೇಲಿನದರ ಎರಡು ಗೋಡೆ ಮತ್ತು ಒಂದು ಕೊಳವೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಕೂದಲೆಳೆಯಷ್ಟು ಬಾಗಿ ಮತ್ತೆ ತನ್ನ ಜಾಗಕ್ಕೆ ಬರಲು ಒತ್ತುವುದರಿಂದಲೇ ಆ ಬಿಗಿ. ‘ಟಕ್’ ಎಂಬ ಸದ್ದು ಬರುವುದೂ ಅದರಿಂದಲೇ.

● ಒಂದು ಉಬ್ಬಿನ ನಡುವಿನಿಂದ ಇನ್ನೊಂದರ ನಡುವಿಗೆ ಸರಿಯಾಗಿ 8 ಮಿ.ಮೀ. ಉಬ್ಬಿನ ವ್ಯಾಸ 4.8 ಮಿ.ಮೀ. ಇಟ್ಟಿಗೆಯ ಎತ್ತರ 9.6 ಮಿ.ಮೀ. ಚಪ್ಪಟೆ ತುಂಡಿನ ಎತ್ತರ ಅದರ ಮೂರನೇ ಒಂದು ಪಾಲು, ಅಂದರೆ 3.2 ಮಿ.ಮೀ. ಮೂರು ಚಪ್ಪಟೆ ತುಂಡು ಪೇರಿಸಿದರೆ ಒಂದು ಇಟ್ಟಿಗೆಯ ಎತ್ತರಕ್ಕೆ ಸರಿಸಮ.

● ಎಂಟು ಉಬ್ಬಿನ ಎರಡು ಇಟ್ಟಿಗೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು? 24. ಮೂರನ್ನು? 1,060. ಒಂದೇ ಬಣ್ಣದ ಆರನ್ನು? 91,51,03,765. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಕಂಪ್ಯೂಟರ್ ಇಟ್ಟುಕೊಂಡು ಮಾಡಿದ ಲೆಕ್ಕ ಇದು. ಹಾಗಾಗಿ ಚಿತ್ರ ನೋಡಿ ಕಟ್ಟುವ ದುಬಾರಿ ಪೆಟ್ಟಿಗೆಗಿಂತ ಒಂದು ಬೋಗುಣಿ ಸಾದಾ ಇಟ್ಟಿಗೆಯಲ್ಲಿ ಮಗುವಿಗೆ ದಕ್ಕುವುದು ಕಡಿಮೆಯೇನಲ್ಲ.

● 2012ರಲ್ಲಿ ಬಿಬಿಸಿ ಕೇಳಿದ ಪ್ರಶ್ನೆಗೆ ಉತ್ತರಿಸಲು ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯವರು ನಾಲ್ಕು ಉಬ್ಬಿನ ಇಟ್ಟಿಗೆಯನ್ನು ಯಂತ್ರದಡಿ ಇಟ್ಟು ಒತ್ತಿದರು. ಅದು ಸುಮಾರು 4,240 ನ್ಯೂಟನ್ ಬಲ, ಅಂದರೆ 430 ಕಿಲೋಗೂ ಹೆಚ್ಚಿನ ಭಾರ ತಡೆಯಿತು. ಸುಮಾರು 3,75,000 ಇಟ್ಟಿಗೆಗಳನ್ನು ಮೂರೂವರೆ ಕಿಲೋಮೀಟರ್ ಎತ್ತರಕ್ಕೆ ಪೇರಿಸಿದರೂ ಬುಡದ್ದು ತಾಳುತ್ತದೆ ಎಂಬುದು ಅದರ ಲೆಕ್ಕ. ಮಕ್ಕಳು ಮೇಲೆ ಹತ್ತಿ ನಿಂತರೆ ಒಡೆದೀತೇ ಎಂಬ ಚಿಂತೆ ಬೇಡ. ತುಳಿದವರ ಪಾದಕ್ಕೇ ನೋವು.

ಹಳೆಯ ರಾಶಿ ಎದುರಿಗಿದ್ದಾಗ

● ಅಸಲಿಯೋ ನಕಲಿಯೋ ಎಂದು ನೋಡಲು ಪೆಟ್ಟಿಗೆ ಬೇಕಿಲ್ಲ. ಅಸಲಿ ಇಟ್ಟಿಗೆಯ ಪ್ರತಿ ಉಬ್ಬಿನ ಮೇಲೂ ಹೆಸರಿರುತ್ತದೆ. ಉಬ್ಬಿಲ್ಲದ ತುಂಡುಗಳಲ್ಲಿ ಒಳಗೋ ಅಡಿಗೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ.

● ಅನೇಕ ತುಂಡುಗಳ ಒಳಗೆ ಅಚ್ಚಿನ ಸಂಖ್ಯೆಯೂ ಇರುತ್ತದೆ. ಎಂಟು ಉಬ್ಬಿನ ಇಟ್ಟಿಗೆಯದು 3001, ನಾಲ್ಕು ಉಬ್ಬಿನ ಚೌಕದ್ದು 3003. ಕಳೆದುಹೋದ ತುಂಡನ್ನು ಹುಡುಕಿ ತರಿಸಲು ಈ ಸಂಖ್ಯೆಯೇ ವಿಳಾಸ.

● ರಾಶಿಯ ವಯಸ್ಸನ್ನು ಬೂದು ಬಣ್ಣ ಹೇಳುತ್ತದೆ. ಹಳೆಯ ಬೂದು ಸ್ವಲ್ಪ ಹಳದಿ ಛಾಯೆಯದು; 2004ರ ಆಸುಪಾಸಿನಲ್ಲಿ ಕಂಪನಿ ಅದನ್ನು ಬಿಟ್ಟು ನೀಲಿ ಛಾಯೆಯ ಬೂದಿಗೆ ಬಂತು. ಎರಡನ್ನೂ ಬೆರೆಸಿ ಕೋಟೆ ಕಟ್ಟಿದರೆ ತೇಪೆ ಹಚ್ಚಿದಂತೆ ಕಾಣುತ್ತದೆ. ಮಗುವಿಗೆ ಅದು ಲೆಕ್ಕಕ್ಕಿಲ್ಲ, ಪ್ರದರ್ಶನಕ್ಕೆ ಕಟ್ಟುವವರಿಗೆ ಮುಖ್ಯ.

● ಬಿಳಿಯದು ಹಳದಿಗೆ, ನೀಲಿಯದು ಹಸಿರಿಗೆ ತಿರುಗಿದ್ದರೆ ಆ ರಾಶಿ ಕಿಟಕಿಯ ಬಿಸಿಲಿನಲ್ಲಿ ವರ್ಷಗಟ್ಟಲೆ ಇತ್ತು ಎಂದರ್ಥ. ನೇರಳಾತೀತ ಕಿರಣ ಎಬಿಎಸ್‌ನ ಬಣ್ಣ ಕೆಡಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿ ಬಿಸಿಲಿಗಿಟ್ಟು ಬಿಳಿ ಮಾಡುವವರಿದ್ದಾರೆ. ಅದು ದೊಡ್ಡವರು ಕೈಗವಸು ಹಾಕಿಕೊಂಡು ಮಾಡುವ ಕೆಲಸ. ಬಣ್ಣ ಕೆಟ್ಟರೂ ಹಿಡಿತ ಇದ್ದರೆ ಆಟಕ್ಕೆ ಅಡ್ಡಿಯಿಲ್ಲ, ಅದರ ಗೋಜಿಗೇ ಹೋಗಬೇಡಿ.

● ಕೆಂಗಂದು ಬಣ್ಣದ ತುಂಡುಗಳನ್ನು ಮಾತ್ರ ಜಾಗ್ರತೆಯಿಂದ ನೋಡಿ. ಒಂದು ಕಾಲಘಟ್ಟದಲ್ಲಿ ತಯಾರಾದ ಕೆಂಗಂದು ಮತ್ತು ಕಡುಗೆಂಪು ತುಂಡುಗಳು ಕೆಲವು ವರ್ಷಗಳಲ್ಲೇ ಪೆಡಸಾಗಿ, ಬಿಚ್ಚುವಾಗ ಲಟಕ್ಕನೆ ಮುರಿಯುವುದನ್ನು ಹವ್ಯಾಸಿಗಳೆಲ್ಲ ಬಲ್ಲರು. ಕಂಪನಿ ಮುಂದೆ ಅದನ್ನು ಸರಿಪಡಿಸಿಕೊಂಡಿತು.

● ಅಂಚಿನಲ್ಲಿ ಸಣ್ಣ ಹಳ್ಳಗಳು ಕಂಡರೆ ಅವು ಹಲ್ಲಿನ ಗುರುತು. ಬಿಗಿಯಾಗಿ ಕೂತ ಚಪ್ಪಟೆ ತುಂಡುಗಳನ್ನು ಮಕ್ಕಳು ಕಚ್ಚಿ ಬಿಡಿಸುತ್ತಾರೆ. ಬಿಡಿಸಲೆಂದೇ ಒಂದು ಸಣ್ಣ ಸನ್ನೆಗೋಲು ಸಿಗುತ್ತದೆ, ದೊಡ್ಡ ಪೆಟ್ಟಿಗೆಗಳಲ್ಲಿ ಜೊತೆಗೇ ಬರುತ್ತದೆ. ಹಳೆಯ ರಾಶಿ ತರುವವರು ಅದೊಂದನ್ನು ಬೇರೆಯಾಗಿಯಾದರೂ ತರಿಸಿಕೊಂಡರೆ ಹಲ್ಲೂ ಉಳಿಯುತ್ತದೆ, ಇಟ್ಟಿಗೆಯೂ ಉಳಿಯುತ್ತದೆ.

● ಎಂಟು ಉಬ್ಬಿನ ಒಂದು ಇಟ್ಟಿಗೆ ತೂಗುವುದು ಸುಮಾರು 2.3 ಗ್ರಾಂ. ಅಂದರೆ ಕಿಲೋಗೆ 430ರ ಆಸುಪಾಸು. ಹೊರದೇಶಗಳಲ್ಲಿ ಬಳಸಿದ ಲೆಗೊ ಬಹುಪಾಲು ತೂಕದ ಲೆಕ್ಕದಲ್ಲೇ ಮಾರಾಟವಾಗುತ್ತದೆ. ತೂಕಕ್ಕೆ ಕೊಳ್ಳುವಾಗ ಒಂದು ಮುಷ್ಟಿ ಎತ್ತಿ ನೋಡಿ: ಬೇರೆ ಕಂಪನಿಯ ತುಂಡು ಎಷ್ಟು, ಚಕ್ರ-ಕಡ್ಡಿಗಳೇ ಎಷ್ಟು, ನಿಜವಾದ ಇಟ್ಟಿಗೆ ಎಷ್ಟು ಎಂದು ಗೊತ್ತಾಗುತ್ತದೆ.

● ರಾಶಿಯಲ್ಲಿ ಪುಟಾಣಿ ಗೊಂಬೆಗಳು ಒಂದೂ ಇಲ್ಲದಿದ್ದರೆ ಆಶ್ಚರ್ಯ ಬೇಡ. 1978ರಲ್ಲಿ ಬಂದ ಈ ಹಳದಿ ಮುಖದ ಗೊಂಬೆಗಳಿಗೆ ಬಿಡಿಯಾಗಿ ಒಳ್ಳೆಯ ಬೆಲೆಯಿದೆ. ಬಲ್ಲ ಮಾರಾಟಗಾರರು ಅವನ್ನು ಮೊದಲೇ ಎತ್ತಿಟ್ಟು ಉಳಿದದ್ದನ್ನು ತೂಕಕ್ಕೆ ಹಾಕುತ್ತಾರೆ.

● ಹಳೆಯ ಪೆಟ್ಟಿಗೆಯಲ್ಲಿ ಜೋಡಣೆಯ ಪುಸ್ತಿಕೆ ಇಲ್ಲ ಎಂದು ಕೊಳ್ಳದೆ ಬಿಡಬೇಡಿ. ಸಾವಿರಾರು ಪೆಟ್ಟಿಗೆಗಳ ಪುಸ್ತಿಕೆಗಳನ್ನು ಕಂಪನಿಯೇ ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿದೆ. ಪೆಟ್ಟಿಗೆಯ ಸಂಖ್ಯೆ ಗೊತ್ತಿದ್ದರೆ ಸಾಕು.

● 2021ರಲ್ಲಿ ಬಂದ ‘ಬ್ರಿಕಿಟ್’ ಎಂಬ ಆ್ಯಪ್, ನೆಲದ ಮೇಲೆ ಹರಡಿದ ಇಟ್ಟಿಗೆಗಳ ಫೋಟೊ ತೆಗೆದರೆ ಅವುಗಳಿಂದ ಏನೇನು ಕಟ್ಟಬಹುದು ಎಂದು ತೋರಿಸುತ್ತದೆ. ಗುರುತು ಪರಿಚಯವಿಲ್ಲದ ಹಳೆಯ ರಾಶಿಯ ಮುಂದೆ ಕೂತ ಮಗುವಿಗೆ ಒಳ್ಳೆಯ ಆರಂಭ.

ಮಗುವಿನ ಬಾಯಿ, ಮಗುವಿನ ಹೊಟ್ಟೆ

● ಇಡೀ ಲೇಖನದಲ್ಲಿ ನಿಧಾನವಾಗಿ ಓದಬೇಕಾದ ಸಂಗತಿ ಇದು. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಆ್ಯಂಡ್ರ್ಯೂ ಟರ್ನರ್ ಮನೆ, ಶಿಶುವಿಹಾರ ಮತ್ತು ದಾನದ ಅಂಗಡಿಗಳಿಂದ 200 ಬಳಸಿದ ಪ್ಲಾಸ್ಟಿಕ್ ಆಟಿಕೆಗಳನ್ನು ತಂದು ಎಕ್ಸ್-ರೇ ಯಂತ್ರದಿಂದ ಪರೀಕ್ಷಿಸಿ, 2018ರಲ್ಲಿ ವರದಿ ಮಾಡಿದರು. ಕಾರು, ಗೊಂಬೆ, ಒಡವೆ, ಜೋಡಿಸುವ ಇಟ್ಟಿಗೆ ಎಲ್ಲ ಅದರಲ್ಲಿದ್ದವು. ಹಲವಾರು ಆಟಿಕೆಗಳಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಬ್ರೋಮಿನ್‌ನಂಥ ಅಂಶಗಳು ಸಿಕ್ಕವು. ಹೆಚ್ಚಾಗಿ ಸಿಕ್ಕದ್ದು ಹಳದಿ, ಕೆಂಪು ಮತ್ತು ಕಪ್ಪು ಬಣ್ಣದವುಗಳಲ್ಲಿ.

● ಕ್ಯಾಡ್ಮಿಯಂ ಅಲ್ಲಿಗೆ ಬಂದದ್ದು ಹೇಗೆ? ಹೊಳೆಯುವ ಕೆಂಪು, ಹಳದಿ ಬಣ್ಣಗಳಿಗೆ ಹಿಂದೆ ಎಲ್ಲ ಬಗೆಯ ಪ್ಲಾಸ್ಟಿಕ್ಕಿನಲ್ಲೂ ಕ್ಯಾಡ್ಮಿಯಂ ಆಧಾರದ ವರ್ಣದ್ರವ್ಯ ಬಳಸುತ್ತಿದ್ದರು. ಆಗ ಅದಕ್ಕೆ ಕಾನೂನಿನ ತಡೆ ಇರಲಿಲ್ಲ. ಈಗಿನ ನಿಯಮಗಳು ಹೊಸದಾಗಿ ತಯಾರಾಗುವ ಆಟಿಕೆಗೆ ಅನ್ವಯಿಸುತ್ತವೆಯೇ ಹೊರತು, ಅಟ್ಟದಿಂದ ಇಳಿಸಿ ಇನ್ನೊಬ್ಬರಿಗೆ ಕೊಟ್ಟ ಹಳೆಯದನ್ನು ಯಾರೂ ಪರೀಕ್ಷಿಸುವುದಿಲ್ಲ.

● ಹಾಗಾದರೆ ಏನು ಮಾಡಬೇಕು? ಕೈಗೆ ಸಿಕ್ಕಿದ್ದೆಲ್ಲ ಬಾಯಿಗಿಡುವ ವಯಸ್ಸಿನ ಮಗುವಿಗೆ 1970-80ರ ದಶಕದ ಕೆಂಪು, ಹಳದಿ ಇಟ್ಟಿಗೆ ಕೊಡಬೇಡಿ. ಯಾವ ಕಾಲದ್ದು, ಯಾವ ಕಂಪನಿಯದು ಎಂದು ತಿಳಿಯದ ರಾಶಿಯನ್ನೂ ಕೊಡಬೇಡಿ. ಬಾಯಿಗಿಡುವ ವಯಸ್ಸು ದಾಟಿದವರಿಗೆ ಇತ್ತೀಚಿನ ವರ್ಷಗಳ ರಾಶಿಯನ್ನು ನೆಚ್ಚಬಹುದು.

● ಸಾಮಾನ್ಯ ಲೆಗೊ 3 ವರ್ಷದೊಳಗಿನ ಮಕ್ಕಳಿಗಲ್ಲ. ಪೆಟ್ಟಿಗೆಯ ಮೇಲೆ ‘0-3’ ಎಂದು ಅಡ್ಡಗೆರೆ ಎಳೆದ ಮಗುವಿನ ಮುಖದ ಗುರುತು ಇರುತ್ತದೆ. ಬಿಡಿಯಾಗಿ ಚೀಲದಲ್ಲಿ ಬಂದ ಹಳೆಯ ರಾಶಿಗೆ ಆ ಗುರುತಿರುವುದಿಲ್ಲ. ಆ ಎಚ್ಚರಿಕೆಯನ್ನು ನೀವೇ ನೆನಪಿಟ್ಟುಕೊಳ್ಳಬೇಕು.

● ಪುಟಾಣಿಗಳಿಗೆಂದೇ 1969ರಲ್ಲಿ ‘ಡ್ಯೂಪ್ಲೊ’ ಬಂತು. ಉದ್ದ, ಅಗಲ, ಎತ್ತರ ಮೂರೂ ಇಮ್ಮಡಿ. ಗಾತ್ರದಲ್ಲಿ ಎಂಟು ಪಟ್ಟು. ಹಾಗಿದ್ದೂ ಸಾಮಾನ್ಯ ಲೆಗೊ ಇಟ್ಟಿಗೆ ಇದರ ಮೇಲೆ ಕೂರುತ್ತದೆ. ಮಗು ಎರಡೇ ವರ್ಷ ಆಡಿ ದಾಟಿಬಿಡುವ ಆಟ ಇದು. ದಪ್ಪಗಿರುವುದರಿಂದ ತೊಳೆಯುವುದು ಸಲೀಸು, ಕಳೆಯುವುದು ಅಪರೂಪ. ಕಾಲ ಗೊತ್ತಿರುವ, ಪರಿಚಿತರ ಮನೆಯ ಡ್ಯೂಪ್ಲೊ ಸಿಕ್ಕರೆ ಹೊಸದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ.

● ಪುಟಾಣಿ ಗೊಂಬೆಯ ತಲೆಯನ್ನು ಮಗು ನುಂಗಿದರೆ? 2018ರಲ್ಲಿ ಆರು ಮಂದಿ ವೈದ್ಯಕೀಯ ವೃತ್ತಿಯವರು ತಾವೇ ಒಂದೊಂದು ತಲೆ ನುಂಗಿ ನೋಡಿದರು. ಸರಾಸರಿ 1.7 ದಿನದಲ್ಲಿ ಹೊರಬಂತು. ಒಬ್ಬರದು ಮಾತ್ರ ಸಿಗಲಿಲ್ಲ. ಅವರೆಲ್ಲ ವಯಸ್ಕರು ಎಂಬುದನ್ನು ಮರೆಯಬೇಡಿ. ಮಗುವಿಗೆ ಉಸಿರಾಟಕ್ಕೆ ಕಷ್ಟವಾದರೆ, ಜೊಲ್ಲು ಸುರಿದರೆ, ನೋವೆಂದರೆ ತಡಮಾಡದೆ ಆಸ್ಪತ್ರೆಗೆ.

● ಗುಂಡಿ ಬ್ಯಾಟರಿ ಮತ್ತು ಅಯಸ್ಕಾಂತದ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಗಂಟಲಲ್ಲಿ ಸಿಕ್ಕ ಗುಂಡಿ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ; ಒಂದಕ್ಕಿಂತ ಹೆಚ್ಚು ಅಯಸ್ಕಾಂತ ನುಂಗಿದರೆ ಕರುಳಿನ ಗೋಡೆಗಳು ನಡುವೆ ಸಿಕ್ಕಿ ತೂತಾಗಬಹುದು. ಮಿಶ್ರ ರಾಶಿ ತಂದ ದಿನ ಮೊದಲು ನೆಲಕ್ಕೆ ಸುರಿದು ಇವೆರಡನ್ನೂ ಹುಡುಕಿ ತೆಗೆಯಿರಿ. ರೈಲಿನ ಡಬ್ಬಿ ಜೋಡಿಸುವ ತುಂಡುಗಳಲ್ಲಿ ಅಯಸ್ಕಾಂತ ಇರುತ್ತದೆ.

ತೊಳೆಯುವುದು ಹೀಗೆ

● ಕಂಪನಿಯ ಸಲಹೆ ಸರಳ: 40 ಡಿಗ್ರಿ ಸೆಲ್ಸಿಯಸ್ ದಾಟದ ಉಗುರುಬೆಚ್ಚನೆಯ ನೀರು, ಮೆದು ಸೋಪು, ಕೈಯಲ್ಲೇ ತೊಳೆಯುವುದು. ವಾಷಿಂಗ್ ಮಷಿನ್, ಡಿಶ್‌ವಾಷರ್ ಬೇಡ. ಒಣಗಿಸಲು ಹೇರ್ ಡ್ರೈಯರ್, ಓವನ್, ಮೈಕ್ರೋವೇವ್ ಬೇಡವೇ ಬೇಡ. ಕುದಿಯುವ ನೀರು ಸುರಿದರೆ ಕೀಟಾಣುವಿನ ಜೊತೆ ಇಟ್ಟಿಗೆಯ ಆಕಾರವೂ ಹೋದೀತು.

● ಬಟ್ಟೆ ತೊಳೆಯುವ ಜಾಲಿ ಚೀಲದಲ್ಲಿ ತುಂಬಿ ಬಕೆಟ್ಟಿನಲ್ಲಿ ಅದ್ದಿ ಅದ್ದಿ ತೆಗೆದರೆ ಸಣ್ಣ ತುಂಡುಗಳು ಮೋರಿಗೆ ಹೋಗುವುದಿಲ್ಲ. ಕೊಳವೆಯೊಳಗಿನ ಕೊಳೆಗೆ ಹಳೆಯ ಟೂತ್‌ಬ್ರಷ್. ನೆರಳಿನಲ್ಲಿ, ಟವೆಲಿನ ಮೇಲೆ, ಉಬ್ಬು ಮೇಲೆ ಮಾಡಿ ಹರಡಿ; ಹೊಟ್ಟೆಯೊಳಗಿನ ನೀರು ಇಳಿಯುತ್ತದೆ.

● ಮೋಟಾರು, ದೀಪ, ಬ್ಯಾಟರಿ ಡಬ್ಬಿಯನ್ನು ನೀರಿಗೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ಟಿಕರ್ ಅಂಟಿಸಿದ ತುಂಡುಗಳನ್ನೂ ನೆನೆಸಬೇಡಿ. ನೇರವಾಗಿ ಮುದ್ರಿಸಿದ ಚಿತ್ರ ನೀರಿಗೆ ಹೆದರುವುದಿಲ್ಲ, ಸ್ಟಿಕರ್ ಏಳುತ್ತದೆ.

ಕರೆಂಟು, ಮೋಟಾರು, ರೋಬಾಟ್

● ಇಟ್ಟಿಗೆ ಹಳತಾಗುವುದಿಲ್ಲ, ವಿದ್ಯುತ್ ಭಾಗ ಹಳತಾಗುತ್ತದೆ. ಲೆಗೊ ರೈಲುಗಳಲ್ಲಿ ಮೊದಲು 12 ವೋಲ್ಟ್ ಹಳಿ ಇತ್ತು. 1991ರಲ್ಲಿ 9 ವೋಲ್ಟ್ ಹಳಿ ಬಂತು. ಈಗಿನ ರೈಲು ಹಳಿಯಿಂದ ಕರೆಂಟು ಪಡೆಯುವುದೇ ಇಲ್ಲ, ಬ್ಯಾಟರಿಯನ್ನು ಬೆನ್ನ ಮೇಲೆ ಹೊತ್ತು ಓಡುತ್ತದೆ. ಹಳಿಯಿಂದ ಕರೆಂಟು ಪಡೆಯುವ ಇಂಜಿನ್ನನ್ನು ಇನ್ನೊಂದು ಕಾಲದ ಹಳಿಯ ಮೇಲಿಟ್ಟರೆ ಅದು ಕದಲಲಾರದು. ಬಳಸಿದ ರೈಲು ಕೊಳ್ಳುವವರು ಇಂಜಿನ್, ಹಳಿ, ನಿಯಂತ್ರಕ ಮೂರೂ ಒಂದೇ ಪೀಳಿಗೆಯವೇ ಎಂದು ನೋಡಿ, ಓಡಿಸಿ ತೋರಿಸಲು ಹೇಳಿ.

● 1998ರಲ್ಲಿ ಬಂದ ರೋಬಾಟ್ ಪೆಟ್ಟಿಗೆ ‘ಮೈಂಡ್‌ಸ್ಟಾರ್ಮ್ಸ್’ಗೆ ಆ ಹೆಸರು ಬಂದದ್ದು ಎಂಐಟಿಯ ಸೀಮೋರ್ ಪೆಪರ್ಟ್ 1980ರಲ್ಲಿ ಬರೆದ ಪುಸ್ತಕದಿಂದ. ಮಕ್ಕಳು ಕಂಪ್ಯೂಟರಿಗೆ ಹೇಳಿಕೊಡುತ್ತ ತಾವೇ ಕಲಿಯುತ್ತಾರೆ ಎಂಬುದು ಅವರ ನಂಬಿಕೆ. 2022ರ ಕೊನೆಗೆ ಲೆಗೊ ಈ ಸಾಲನ್ನು ನಿಲ್ಲಿಸಿತು.

● ಬಳಸಿದ ಮೈಂಡ್‌ಸ್ಟಾರ್ಮ್ಸ್ ಅಗ್ಗಕ್ಕೆ ಸಿಕ್ಕರೆ ಒಂದು ಪ್ರಶ್ನೆ ಕೇಳಿ: ನಮ್ಮ ಮನೆಯ ಈಗಿನ ಕಂಪ್ಯೂಟರು ಅಥವಾ ಫೋನಿನಲ್ಲಿ ಇದರ ಸಾಫ್ಟ್‌ವೇರ್ ನಡೆಯುತ್ತದೆಯೇ? ಉತ್ತರ ‘ಹೌದು’ ಎಂದು ಕಣ್ಣಾರೆ ಕಂಡ ಮೇಲೆ ದುಡ್ಡು ಕೊಡಿ. ಇಲ್ಲವಾದರೆ ನಿಮಗೆ ಉಳಿಯುವುದು ಮೋಟಾರು ಮತ್ತು ಕಡ್ಡಿಗಳಷ್ಟೇ.

ದುಡ್ಡಿನ ಲೆಕ್ಕ

● ಬಳಸಿದ ಲೆಗೊಗೆ ಜಗತ್ತಿನ ದೊಡ್ಡ ಸಂತೆ ‘ಬ್ರಿಕ್‌ಲಿಂಕ್’. 2000ದಲ್ಲಿ ಒಬ್ಬ ಹವ್ಯಾಸಿ ಶುರುಮಾಡಿದ ಈ ತಾಣದಲ್ಲಿ ಬಿಡಿ ತುಂಡುಗಳನ್ನೂ ಒಂದೊಂದಾಗಿ ಕೊಳ್ಳಬಹುದು. 2019ರಲ್ಲಿ ಲೆಗೊ ಕಂಪನಿಯೇ ಅದನ್ನು ಕೊಂಡುಕೊಂಡಿತು. ಹಳೆಯದರ ವ್ಯಾಪಾರವನ್ನು ಹೊಸದು ಮಾಡುವವರೇ ಮಾನ್ಯ ಮಾಡಿದಂತಾಯಿತು.

● ಹೊಸ ಪೆಟ್ಟಿಗೆಯಲ್ಲಿ ಒಂದು ತುಂಡು ಕಡಿಮೆ ಬಂದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಬರೆದು ಪುಕ್ಕಟೆ ತರಿಸಿಕೊಳ್ಳಬಹುದು. ಹಳೆಯ ಪೆಟ್ಟಿಗೆಗೆ ಆ ಸೌಲಭ್ಯ ನಿರೀಕ್ಷಿಸುವಂತಿಲ್ಲ. ಹೊಸದಕ್ಕೆ ಕೊಡುವ ಹೆಚ್ಚಿನ ಬೆಲೆಯಲ್ಲಿ ಈ ನಿಶ್ಚಿಂತೆಯೂ ಸೇರಿದೆ.

● ‘ಲೆಗೊ ಚಿನ್ನಕ್ಕಿಂತ ಒಳ್ಳೆಯ ಹೂಡಿಕೆ’ ಎಂಬ ಮಾತು ನೀವು ಕೇಳಿರಬಹುದು. ರಷ್ಯಾದ ಎಚ್‌ಎಸ್‌ಇ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 1987ರಿಂದ 2015ರವರೆಗಿನ 2,322 ಪೆಟ್ಟಿಗೆಗಳ ಬೆಲೆ ನೋಡಿ, ವರ್ಷಕ್ಕೆ ಸರಾಸರಿ ಶೇ. 11ರಷ್ಟು ಲಾಭ ಬಂದಿದೆ ಎಂದರು. ಆದರೆ ಅದೇ ಅಧ್ಯಯನದಲ್ಲಿ ಅರ್ಧ ಬೆಲೆ ಕಳೆದುಕೊಂಡ ಪೆಟ್ಟಿಗೆಗಳೂ ಇವೆ. ಈ ಲೆಕ್ಕ ತೆರೆಯದ ಪೆಟ್ಟಿಗೆಗೆ ಮಾತ್ರ. ಮಗು ತೆರೆದ ಕ್ಷಣ ಅದು ಆಟಿಕೆಯಾಗುತ್ತದೆ, ಆಗಲೇಬೇಕು.

● ತಾಜ್ ಮಹಲ್ ಒಂದು ಪಾಠ ಕಲಿಸಿತು. 5,922 ತುಂಡುಗಳ ತಾಜ್ ಪೆಟ್ಟಿಗೆ 2008ರಲ್ಲಿ ಬಂತು. ಮಾರಾಟ ನಿಂತ ಮೇಲೆ ಅದರ ಬೆಲೆ ಗಗನಕ್ಕೇರಿತು. 2017ರಲ್ಲಿ ಕಂಪನಿ ಒಂದೇ ಒಂದು ತುಂಡು ಹೆಚ್ಚಿಸಿ, 5,923 ತುಂಡುಗಳೊಂದಿಗೆ ಅದನ್ನೇ ಮತ್ತೆ ಬಿಟ್ಟಿತು. ಲಾಭಕ್ಕೆಂದು ಹಳೆಯದನ್ನು ಕೂಡಿಟ್ಟವರ ಬೆಲೆ ಕುಸಿಯಿತು. ಆಡಲು ಕೊಂಡವರು ಏನನ್ನೂ ಕಳೆದುಕೊಳ್ಳಲಿಲ್ಲ.

● ಮಗು ಕೇಳಿದ ಪೆಟ್ಟಿಗೆ ಈಗಲೂ ಅಂಗಡಿಯಲ್ಲಿದ್ದರೆ ಸೆಕೆಂಡ್ ಹ್ಯಾಂಡ್ ಬೆಲೆಯನ್ನು ಅದರ ಜೊತೆ ಹೋಲಿಸಿ ನೋಡಿ. ಉತ್ಪಾದನೆ ನಿಂತ ಪೆಟ್ಟಿಗೆಗೆ ಮಾತ್ರ ಹಳೆಯದರ ಬೆಲೆ ಹೊಸದನ್ನು ಮೀರಬಹುದು. ಅಂಗಡಿಯಲ್ಲಿರುವುದಕ್ಕೆ ಹೊಸದಷ್ಟೇ ಬೆಲೆ ಕೇಳುವವರಿಗೆ ಬೇಡ ಎನ್ನಿ.

ಒಂದೇ ಆಕಾರ, ಬೇರೆ ಕಂಪನಿ

● ಲೆಗೊಗೆ ಹೊಂದುವ ಇಟ್ಟಿಗೆಯನ್ನು ಬೇರೆಯವರು ಮಾಡಿದರೆ ಅದು ಕಳ್ಳಮಾಲಲ್ಲ. ಮೂಲ ಪೇಟೆಂಟುಗಳ ಅವಧಿ ಎಂದೋ ಮುಗಿದಿದೆ. ಇಟ್ಟಿಗೆಯ ಆಕಾರವೇ ತನ್ನ ಟ್ರೇಡ್‌ಮಾರ್ಕ್ ಎಂದು ಲೆಗೊ ಮಾಡಿದ ವಾದವನ್ನು ಕೆನಡಾದ ಸುಪ್ರೀಂ ಕೋರ್ಟ್ 2005ರಲ್ಲಿ, ಐರೋಪ್ಯ ಒಕ್ಕೂಟದ ನ್ಯಾಯಾಲಯ 2010ರಲ್ಲಿ ಒಪ್ಪಲಿಲ್ಲ. ಕೆಲಸಕ್ಕೆ ಬೇಕಾದ ಆಕಾರ ಯಾರೊಬ್ಬರ ಸೊತ್ತೂ ಅಲ್ಲ ಎಂಬುದು ತೀರ್ಪಿನ ಸಾರ.

● ಪುಟಾಣಿ ಗೊಂಬೆಯ ಕತೆ ಬೇರೆ. ಅದರ ಆಕಾರದ ಟ್ರೇಡ್‌ಮಾರ್ಕನ್ನು 2015ರಲ್ಲಿ ಐರೋಪ್ಯ ನ್ಯಾಯಾಲಯ ಎತ್ತಿಹಿಡಿಯಿತು.

● ಪೆಟ್ಟಿಗೆಯ ಚಿತ್ರ, ವಿನ್ಯಾಸ, ಪುಸ್ತಿಕೆ ಎಲ್ಲವನ್ನೂ ಕದ್ದರೆ ಅದು ಅಪರಾಧವೇ. ಚೀನಾದ ‘ಲೆಪಿನ್’ ಹಾಗೆ ಮಾಡಿತು. 2019ರಲ್ಲಿ ಪೊಲೀಸರು ದಾಳಿ ಮಾಡಿದರು. 2020ರಲ್ಲಿ ಶಾಂಘೈನ ನ್ಯಾಯಾಲಯ ಅದರ ಮುಖ್ಯಸ್ಥನಿಗೆ 6 ವರ್ಷ ಜೈಲು, 9 ಕೋಟಿ ಯುವಾನ್ ದಂಡ ವಿಧಿಸಿತು.

● ಬೇರೆ ಕಂಪನಿಯ ಇಟ್ಟಿಗೆ ಕೊಳ್ಳುವ ಮುನ್ನ ಒಂದು ಪರೀಕ್ಷೆ: ನಾಲ್ಕೈದನ್ನು ಒಂದರ ಮೇಲೊಂದು ಜೋಡಿಸಿ, ತುದಿ ಹಿಡಿದು ಅಡ್ಡವಾಗಿ ಎತ್ತಿ. ಕಳಚಿ ಬಿದ್ದರೆ ಮಗು ಕಟ್ಟಿದ್ದು ನಿಲ್ಲದು, ಆಸಕ್ತಿಯೂ ಉಳಿಯದು. ಬಿಡಿಸಲು ಉಗುರು ಕಿತ್ತುಬರುವಂತಿದ್ದರೆ ಅದೂ ಬೇಡ.

ನಮ್ಮ ಅಂಗಡಿಯಲ್ಲಿ

● ಭಾರತದಲ್ಲಿ 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಸ್ಥಳೀಯವಾಗಲಿ ಆಮದಾಗಲಿ, 14 ವರ್ಷದೊಳಗಿನವರ ಆಟಿಕೆಗೆ ಭಾರತೀಯ ಮಾನಕ ಬ್ಯೂರೋದ ಪರವಾನಗಿ ಬೇಕು. ಹೊಸದು ಕೊಳ್ಳುವಾಗ ಬಿಲ್ಲಿಗಿಂತ ಮೊದಲು ಈ ಗುರುತು ನೋಡಿ.

● ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳಿಗೆ ಈ ಆದೇಶದಿಂದ ವಿನಾಯಿತಿ ಸಿಕ್ಕಿತು. ನಮ್ಮ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆಟಿಕೆಗಳು ಆ ಸಾಲಿಗೆ ಸೇರುತ್ತವೆ. ಪ್ಲಾಸ್ಟಿಕ್ಕೇ ಬೇಡ ಎನ್ನುವ ಎಳೆಯ ಮಕ್ಕಳ ಮನೆಗಳಿಗೆ ಅದು ಒಳ್ಳೆಯ ದಾರಿ.

● ಲೆಗೊ ಇಲ್ಲಿ ದುಬಾರಿ ಏಕೆ? ಆಮದು ಆಟಿಕೆಯ ಮೇಲಿನ ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ದೇಶದ ತಯಾರಕರನ್ನು ಬೆಳೆಸುವುದು ಉದ್ದೇಶ. ಹೊರದೇಶದಲ್ಲಿರುವ ಬಂಧುಗಳು ಊರಿಗೆ ಬರುವಾಗ ಮಕ್ಕಳು ಆಡಿಬಿಟ್ಟ ಲೆಗೊ ತಂದರೆ ಎಲ್ಲರಿಗೂ ಖುಷಿಯಾಗುವುದು ಸುಮ್ಮನೆ ಅಲ್ಲ.

ನೂರಾರು ವರ್ಷ ಬಾಳುವ ಪ್ಲಾಸ್ಟಿಕ್

● 1997ರ ಫೆಬ್ರವರಿ 13ರಂದು ‘ಟೋಕಿಯೊ ಎಕ್ಸ್‌ಪ್ರೆಸ್’ ಹಡಗಿಗೆ ಇಂಗ್ಲೆಂಡಿನ ಲ್ಯಾಂಡ್ಸ್ ಎಂಡ್ ಬಳಿ ಭಾರಿ ಅಲೆ ಬಡಿದು 62 ಕಂಟೇನರ್‌ಗಳು ಕಡಲಿಗೆ ಬಿದ್ದವು. ಒಂದರಲ್ಲಿ ಸುಮಾರು 48 ಲಕ್ಷ ಲೆಗೊ ತುಂಡುಗಳಿದ್ದವು. ಅವುಗಳಲ್ಲಿ ಬಹಳಷ್ಟು ಆಕ್ಟೋಪಸ್, ಈಜುರೆಕ್ಕೆಯಂಥ ಸಮುದ್ರದ ವಸ್ತುಗಳೇ. ಕಾರ್ನ್‌ವಾಲ್ ತೀರದಲ್ಲಿ ಅವು ದಶಕಗಳ ನಂತರವೂ ಸಿಗುತ್ತಲೇ ಇವೆ.

● ಅದೇ ತೀರದಲ್ಲಿ ಸಿಕ್ಕ ಸವೆದ ಇಟ್ಟಿಗೆಗಳನ್ನು ಕಾಪಿಟ್ಟ ಹಳೆಯ ಇಟ್ಟಿಗೆಗಳ ಜೊತೆ ತೂಗಿ ನೋಡಿದ ಟರ್ನರ್ ತಂಡ, ಲೆಗೊ ಇಟ್ಟಿಗೆ ಸಮುದ್ರದಲ್ಲಿ 100ರಿಂದ 1,300 ವರ್ಷ ಉಳಿಯಬಲ್ಲದು ಎಂದು 2020ರಲ್ಲಿ ಅಂದಾಜು ಮಾಡಿತು. ಆಡಲು ಒಳ್ಳೆಯದೆನಿಸಿದ ಗಟ್ಟಿತನವೇ ಎಸೆದಾಗ ಹೊರೆಯಾಗುತ್ತದೆ.

● ಬಳಸಿದ ಬಾಟಲಿಗಳ ಪ್ಲಾಸ್ಟಿಕ್ಕಿನಿಂದ ಇಟ್ಟಿಗೆ ಮಾಡುವ ಪ್ರಯೋಗವನ್ನು ಲೆಗೊ 2021ರಲ್ಲಿ ತೋರಿಸಿತು. 2023ರಲ್ಲಿ ಅದನ್ನು ಕೈಬಿಟ್ಟಿತು. ಹೊಸ ಯಂತ್ರಗಳ ಲೆಕ್ಕವನ್ನೂ ಸೇರಿಸಿದರೆ ಇಂಗಾಲದ ಹೊರಸೂಸುವಿಕೆ ಕಡಿಮೆಯಾಗುವುದಿಲ್ಲ ಎಂಬುದು ಕಾರಣ. ಹಾಗಾಗಿ ಸದ್ಯಕ್ಕೆ ಪರಿಸರಕ್ಕೆ ಹಗುರವಾದ ಲೆಗೊ ಎಂದರೆ ಈಗಾಗಲೇ ತಯಾರಾಗಿ, ಆಡುವವರಿಲ್ಲದೆ ಕೂತಿರುವ ಲೆಗೊ.

● ಅಮೆರಿಕದಲ್ಲಿ 2019ರಿಂದ ಲೆಗೊ ‘ರೀಪ್ಲೇ’ ಯೋಜನೆ ನಡೆಸುತ್ತಿದೆ. ಮನೆಯವರು ಆಡಿ ಮುಗಿದ ಇಟ್ಟಿಗೆಗಳನ್ನು ಅಂಚೆಗೆ ಹಾಕಿದರೆ, ಕಂಪನಿಯ ಖರ್ಚಿನಲ್ಲೇ ಅವನ್ನು ಆರಿಸಿ, ತೊಳೆದು ಮಕ್ಕಳ ಸಂಸ್ಥೆಗಳಿಗೆ ಕೊಡುತ್ತಾರೆ. ನಮ್ಮಲ್ಲಿ ಆ ಕೆಲಸವನ್ನು ಅಂಗನವಾಡಿ, ಸರ್ಕಾರಿ ಶಾಲೆ, ಊರಿನ ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ನಾವೇ ನೇರವಾಗಿ ಮಾಡಬಹುದು.

ಕೊನೆಗೆ, ಯಾವುದನ್ನು ಕೊಳ್ಳಬೇಕು?

ಸಾದಾ ಇಟ್ಟಿಗೆ, ಚಪ್ಪಟೆ ತುಂಡು, ತಳದ ಹಲಗೆ, ಡ್ಯೂಪ್ಲೊ: ಹಳೆಯದು ತನ್ನಿ. ಕಾಲ ಗೊತ್ತಿರಲಿ, ಹಿಡಿತ ಇರಲಿ, ತೊಳೆದು ಕೊಡಿ. ಮೋಟಾರು, ರೋಬಾಟ್, ರೈಲು, ಮಗು ಹೆಸರು ಹಿಡಿದು ಕೇಳಿದ ಪೆಟ್ಟಿಗೆ: ಹೊಸದು ತನ್ನಿ. ಬಾಯಿಗಿಡುವ ಮಗುವಿಗೆ ಮೂಲ ತಿಳಿಯದ ಹಳೆಯ ಪ್ಲಾಸ್ಟಿಕ್ ಯಾವುದೂ ಬೇಡ, ಅದು ಎಷ್ಟೇ ಅಗ್ಗವಾಗಿರಲಿ. ಎರಡೂ ಕೊಳ್ಳುವ ಶಕ್ತಿಯಿದ್ದರೆ ಸಣ್ಣದೊಂದು ಹೊಸ ಪೆಟ್ಟಿಗೆ, ಜೊತೆಗೆ ದೊಡ್ಡದೊಂದು ಹಳೆಯ ರಾಶಿ. ಪೆಟ್ಟಿಗೆ ಮಗುವಿಗೆ ಜೋಡಿಸುವ ಕ್ರಮ ಕಲಿಸುತ್ತದೆ, ರಾಶಿ ತನ್ನದೇ ಆದದ್ದನ್ನು ಕಟ್ಟಲು ಬಿಡುತ್ತದೆ.

ನಿಮ್ಮ ಮನೆಯ ಮಕ್ಕಳು ಬೆಳೆದು ದೊಡ್ಡವರಾಗಿ, ಇಟ್ಟಿಗೆಗಳು ಡಬ್ಬಿಯಲ್ಲಿ ಸುಮ್ಮನೆ ಕೂತಿದ್ದರೆ ಈ ಭಾನುವಾರ ಇಳಿಸಿ. ಬ್ಯಾಟರಿ, ಅಯಸ್ಕಾಂತ ತೆಗೆಯಿರಿ, ಮುರಿದವನ್ನು ಬೇರ್ಪಡಿಸಿ, ತೊಳೆದು ಒಣಗಿಸಿ, ಯಾವ ಕಾಲದ್ದು ಎಂದು ಚೀಟಿ ಬರೆದಿಟ್ಟು ಆಡುವ ವಯಸ್ಸಿನ ಮಗುವಿರುವ ಮನೆಗೆ ಕೊಡಿ. ಇಟ್ಟಿಗೆಗೆ ಇನ್ನೂ ಹತ್ತಾರು ವರ್ಷ ಆಯಸ್ಸಿದೆ, ಆ ಮಗುವಿನ ಆಡುವ ವಯಸ್ಸು ಮಾತ್ರ ಕಾಯುವುದಿಲ್ಲ.